ನೋಡಿದೆ, ಸರಿಯಿದೆ

ಬೆಳಿಗ್ಗೆ ಕಾಂಪೌಂಡ್ ಪಕ್ಕ ದಾಸವಾಳ ಕೀಳ್ತಿದ್ದೆ. ಆಚೆ ಜಗಲಿಯಲ್ಲಿ ಪಕ್ಕದ್ಮನೆ ಹುಡುಗಿ, "ಉಸ್ಸಪ್ಪಾ, ಕೋಡ್ ರಿವ್ಯೂ ಮುಗೀತು ಅಂಕಲ್" ಅಂದಳು.

"ಇಷ್ಟು ಬೇಗ? ನಿನ್ನ ಕಾಫೀನೇ ಇನ್ನೂ ಆರಿಲ್ಲ."

"ಜೊತೆಯವನು ಬರೆದ 800 ಸಾಲು. ಎಐ ಓದಿ ತಪ್ಪಿಲ್ಲ ಅಂತು, ನಾನು ಎಲ್‌ಜಿಟಿಎಂ ಹಾಕಿದೆ."

ನಾನು ಯಾವುದೋ ಎಲ್‌ಐಸಿ ಪಾಲಿಸಿ ಅಂದುಕೊಂಡೆ. "ನೋಡಿದೆ, ಸರಿಯಿದೆ" ಅಂತ ಅರ್ಥವಂತೆ.

"ನೋಡಿದ್ದು ಯಾರಮ್ಮಾ?"

ಮಾತಿಲ್ಲ. ನನ್ನ ಕಥೆ ಶುರುವಾಗೋಕೆ ಅಷ್ಟು ಸಾಕು. 34 ವರ್ಷ ಬ್ಯಾಂಕಿನಲ್ಲಿದ್ದವನು. ಗುಮಾಸ್ತರು ಬರೆದ ವೋಚರ್ ಪಾಸ್ ಮಾಡೋದು ನನ್ನ ಕೆಲಸ. ಒಂದು ಶನಿವಾರ ಮನೆಗೆ ಬೀಗರು ಬರೋರಿದ್ದರು. ಬಸ್ಸಿನ ಚಿಂತೆಯಲ್ಲಿ ಇಡೀ ಕಟ್ಟಿಗೆ ಸಹಿ ಗೀಚಿ ಎದ್ದೆ. 5,000 ರೂಪಾಯಿಯ ಒಂದು ವೋಚರಿನಲ್ಲಿ ಸೊನ್ನೆ ಹೆಚ್ಚಿಗೆ ಬಿದ್ದಿತ್ತು. ಆಡಿಟಿನವರು ಬಂದಾಗ ಬರೆದದ್ದು ಯಾರು ಅನ್ನಲಿಲ್ಲ, ಸಹಿ ಯಾರದ್ದು ಅಂದರು.

"ಆದ್ರೆ ಎಐ ದಡ್ಡ ಏನಲ್ಲ ಅಂಕಲ್" ಅಂತ ಅವಳು ಕರ್ಲ್ ತಂತ್ರಾಂಶದ ಕಥೆ ತೆಗೆದಳು. ಅದನ್ನು ನೋಡಿಕೊಳ್ಳೋರು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್. 2025ರಲ್ಲಿ ಯಾರೋ ಎಐ ಸಾಧನ ಹಾಕಿ ಜಾಲಾಡಿ ಕೊಟ್ಟ ಪಟ್ಟಿಯಿಂದ ಹತ್ತಾರು ನಿಜವಾದ ತಪ್ಪು ಸಿಕ್ಕಿ, ಅವರೇ ಮೆಚ್ಚಿಕೊಂಡರಂತೆ. ಅದೇ ಮನುಷ್ಯ, ಭದ್ರತಾ ದೋಷ ಹುಡುಕಿಕೊಟ್ಟವರಿಗೆ 2019ರಿಂದ ಕೊಡುತ್ತಿದ್ದ ಬಹುಮಾನವನ್ನು 2026ರ ಜನವರಿಗೆ ನಿಲ್ಲಿಸಿಬಿಟ್ಟರು. ಎಐ ಹೇಳಿದ್ದನ್ನು ಪರೀಕ್ಷಿಸದೆ ಕಳಿಸಿದ ಪೊಳ್ಳು ದೂರುಗಳನ್ನು ಓದಿ ಓದಿ ತಂಡ ಸುಸ್ತಾಗಿತ್ತು. ಸಾಧನ ಅದೇ ಜಾತಿಯದು. ಒಬ್ಬ ಜರಡಿ ಹಿಡಿದ, ಉಳಿದವರು ಗೋಣಿ ಸುರಿದರು.

ಅವಳು ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಲಿನಕ್ಸ್ ಕರ್ನಲ್ ಅನ್ನೋ ಇನ್ನೊಂದು ತಂತ್ರಾಂಶದವರ ಕಾಯಿದೆ. ಎಐ ನೆರವು ಪಡೆದಿದ್ದರೆ ಅದರ ಹೆಸರು ಬರೀಬೇಕು. ಆದರೆ 'ಸೈನ್ಡ್-ಆಫ್-ಬೈ' ಅನ್ನೋ ಸಹಿ ಮನುಷ್ಯನೇ ಹಾಕಬೇಕು, ಯಂತ್ರ ಹಾಕಕೂಡದು. ಕೇಳಿ ನನ್ನೊಳಗಿನ ಪಾಸಿಂಗ್ ಆಫೀಸರ್ ಎದ್ದು ಕೂತ.

"ಹೋದ ವಾರ ಎಐ, ಕೋಡಿನ ಒಂದು ಷರತ್ತನ್ನ ಬೇಡ, ತೆಗೆದುಹಾಕು ಅಂತ ಹೇಳಿತ್ತು" ಅಂತ ಅವಳೇ ಒಪ್ಪಿಕೊಂಡಳು. "ಹಳೇ ಗ್ರಾಹಕರ ದಾಖಲೆಯಲ್ಲಿ ಪಿನ್‌ಕೋಡ್ ಇಲ್ಲ ಅಂತ ನಾವೇ ಸೇರಿಸಿದ್ದು. ಅದಕ್ಕೆ ಹೇಗೆ ಗೊತ್ತಾಗ್ಬೇಕು?"

"ನಿಂಗೆ ಗೊತ್ತಲ್ಲ."

ಲ್ಯಾಪ್‌ಟಾಪ್ ಮತ್ತೆ ತೆರೆದಳು. ನಾನು ಹೂವಿನ ಬುಟ್ಟಿ ಹಿಡಿದು ಒಳಗೆ ಬಂದೆ.

ಸಂಜೆ ಕೇಳಿದೆ, ಏನಾಯ್ತಮ್ಮಾ ಅಂತ.

"ಹಾಕಿದ್ದನ್ನ ವಾಪಸ್ ತಗೊಂಡು 11 ಪ್ರಶ್ನೆ ಹಾಕಿದೆ ಅಂಕಲ್. ಎರಡಕ್ಕೆ ಬರೆದವನ ಹತ್ರಾನೇ ಉತ್ತರ ಇಲ್ಲ. ಆ ಸಾಲುಗಳನ್ನೂ ಎಐಯೇ ಬರೆದದ್ದಂತೆ."