ಹೆಣ ಬಿದ್ದರೆ ನೇಮಕ, ಬೆಲೆ ಬಿದ್ದರೆ ವಜಾ: ಶ್ರೀ ರಾಕ್‌ಬರ್ಸ್ಟ್ ಸಂದರ್ಶನ

ಗಣಿ ಸಂಶೋಧನೆಗೆ ಯಾವ ದೇಶ ಎಷ್ಟು ಮಂದಿಯನ್ನು ಇಟ್ಟಿದೆ ಎಂದು ಪಂಡಿತರು ಹೋಲಿಸುತ್ತಲೇ ಇರುತ್ತಾರೆ. ಯಾರಿಗೆ ಹೆದರಿ ಅವರನ್ನೆಲ್ಲ ಇಟ್ಟರೋ ಅವರನ್ನೇ ಕೇಳಿಬಿಡೋಣವೆಂದು, ಆಳದ ಗಣಿಗಳಲ್ಲಿ ಒತ್ತಡಕ್ಕೆ ಬಂಡೆ ಸಿಡಿಸುವ ಶ್ರೀ ರಾಕ್‌ಬರ್ಸ್ಟ್ ಅವರನ್ನು ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಚಾಂಪಿಯನ್ ರೀಫ್‌ನಲ್ಲಿ, ಮೂರು ಕಿಲೋಮೀಟರ್‌ಗೂ ಕೆಳಗೆ, ಮಾತನಾಡಿಸಿದೆವು.

ಪ್ರಶ್ನೆ: ಇಲ್ಲಿ ನಿಮ್ಮ ಮೇಲೆ ಕಣ್ಣಿಟ್ಟವರು ಯಾರು?

ರಾಕ್‌ಬರ್ಸ್ಟ್: 1904ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಸಾಹೇಬರು ನನ್ನ ಬಗ್ಗೆ ಬುಲೆಟಿನ್ ಬರೆದರು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿದ್ದು 1988ರಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿಗೇ ಬೀಗ. ಕಡಲೆ ಮುಗಿಯುವ ಹೊತ್ತಿಗೆ ಹಲ್ಲು ಬಂತು.

ಪ್ರಶ್ನೆ: ವಿದೇಶದವರು ವಾಸಿಯೇ?

ರಾಕ್‌ಬರ್ಸ್ಟ್: ದಕ್ಷಿಣ ಆಫ್ರಿಕಾದ ಕೋಲ್‌ಬ್ರೂಕ್‌ನಲ್ಲಿ 1960ರಲ್ಲಿ ಕಲ್ಲಿದ್ದಲ ಗಣಿ ಕುಸಿದು 430ಕ್ಕೂ ಹೆಚ್ಚು ಮಂದಿ ಸತ್ತರು. ಅದು ನನ್ನ ಕೈವಾಡವಲ್ಲ, ಸೊರಗಿದ ಕಲ್ಲಿದ್ದಲ ಕಂಬಗಳದ್ದು. 1964ಕ್ಕೆ ಗಣಿ ಮಾಲೀಕರ ಒಕ್ಕೂಟವೇ ಸಂಶೋಧನಾ ಸಂಸ್ಥೆ ಕಟ್ಟಿ ನೂರಾರು ಜನರನ್ನು ಇಟ್ಟಿತು. ಲಾಭ ಕರಗಿದಾಗ, 1993ರಲ್ಲಿ, ಅದನ್ನು ಸರ್ಕಾರಿ ಸಂಸ್ಥೆಯ ಮಡಿಲಿಗೆ ಹಾಕಿತು. ಅಮೆರಿಕದಲ್ಲಿ 1907ರ ಮೋನೊಂಗಾ ಸ್ಫೋಟಕ್ಕೆ 362 ಬಲಿ. 1910ಕ್ಕೆ ಬ್ಯೂರೋ ಆಫ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆ ಹುಟ್ಟಿತು. 1996ರಲ್ಲಿ ಅದನ್ನು ಮುಚ್ಚಿದಾಗ ಸುಮಾರು 1,000 ಮಂದಿ ಮನೆಗೆ. ಪಿಟ್ಸ್‌ಬರ್ಗ್, ಸ್ಪೊಕೇನ್‌ಗಳ ಸುರಕ್ಷತಾ ಸಂಶೋಧಕರು ಬೇರೆ ಇಲಾಖೆಯ ನೆರಳಲ್ಲಿ ಉಳಿದುಕೊಂಡರು.

ಪ್ರಶ್ನೆ: ಹಾಗಾದರೆ ಸೂತ್ರ?

ರಾಕ್‌ಬರ್ಸ್ಟ್: ಹೆಣ ಬಿದ್ದರೆ ನೇಮಕ, ಬೆಲೆ ಬಿದ್ದರೆ ವಜಾ. ಈ ವಿಷಯದಲ್ಲಿ ದೇಶ ದೇಶಗಳ ನಡುವೆ ಭೇದವೇ ಇಲ್ಲ.

ಪ್ರಶ್ನೆ: ಸಂಶೋಧಕರ ತಲೆ ಎಣಿಸಲು ಅಂತಾರಾಷ್ಟ್ರೀಯ ನಿಯಮ ಇದೆಯಲ್ಲ?

ರಾಕ್‌ಬರ್ಸ್ಟ್: ಇಲ್ಲದೆ ಏನು! 1963ರಲ್ಲಿ ತಜ್ಞರು ರೋಮ್ ಬಳಿಯ ಫ್ರಾಸ್ಕಾಟಿಯಲ್ಲಿ ಕೂತು ಕೈಪಿಡಿಗೆ ಅಡಿಪಾಯ ಹಾಕಿದರು. ಅದರ ಲೆಕ್ಕದಲ್ಲಿ ಅರ್ಧ ಹೊತ್ತು ಪಾಠ, ಅರ್ಧ ಹೊತ್ತು ಸಂಶೋಧನೆ ಮಾಡುವ ಮೇಷ್ಟ್ರು ಅರ್ಧ ಸಂಶೋಧಕ. ಬಿಸಿಲಲ್ಲಿ ಬೆಟ್ಟ ಸುತ್ತಿ ಅದಿರು ಹುಡುಕುವವನು ಸೊನ್ನೆ. ಹುಡುಕುವ ಹೊಸ ವಿಧಾನ ಕಂಡುಹಿಡಿಯುವವನು ಪೂರ್ತಿ ಒಂದು. ಪಟ್ಟಿಯಲ್ಲಿ ಮೇಲೇರಲು ಜನರನ್ನು ನೇಮಿಸಬೇಕಿಲ್ಲ. ಇದ್ದವರ ಹುದ್ದೆಯ ಹೆಸರು ಬದಲಿಸಿದರಾಯಿತು.

ಪ್ರಶ್ನೆ: ಗಣಿ ಮುಚ್ಚಿತು, ನೀವೂ ನಿವೃತ್ತರೇ?

ರಾಕ್‌ಬರ್ಸ್ಟ್: ಯಾರ್ರೀ ಹೇಳಿದ್ದು? ಸುರಂಗಗಳಿಗೆ ನೀರು ತುಂಬಿದ ಮೇಲೂ ಕೆಜಿಎಫ್‌ನ ನೆಲ ನಡುಗಿಸಿದ್ದೇನೆ. ಸ್ವಯಂನಿವೃತ್ತಿ ಯೋಜನೆ ನೌಕರರಿಗೆ, ನನಗಲ್ಲ.

ಪ್ರಶ್ನೆ: ಕೊನೆಯದಾಗಿ, ನಿಮ್ಮನ್ನು ಅಂಕೆಯಲ್ಲಿಡಲು ಎಷ್ಟು ಸಂಶೋಧಕರು ಬೇಕು?

ರಾಕ್‌ಬರ್ಸ್ಟ್: ಸಂಖ್ಯೆಗೆ ನಾನು ಹೆದರುವವನಲ್ಲ. ದುರಂತಕ್ಕೆ ಮೊದಲೇ ನೇಮಕವಾಗಿ, ಗಣಿ ನಷ್ಟದಲ್ಲಿದ್ದಾಗಲೂ ಸಂಬಳ ಪಡೆಯುವವರು ಎಲ್ಲಿದ್ದಾರೆ, ಆ ಊರಿನ ಹೆಸರು ಹೇಳಿ. ಆ ಕಡೆ ತಲೆ ಹಾಕುವುದಿಲ್ಲ. ಮಿಕ್ಕವರ ಪಟ್ಟಿ ಎಷ್ಟುದ್ದವಿದ್ದರೂ ನನಗೇನು, ನಾನು ಸಿಡಿದ ಮೇಲೆ ಅದು ಇನ್ನಷ್ಟು ಉದ್ದವಾಗುತ್ತದೆ!