ದೀಪ ಹತ್ಲಿ, ತಡೀರಿ!

ನನ್ನ ಹತ್ತಿರ ಎರಡು ಫ್ಲ್ಯಾಶ್‌ಗಳಿವೆ. ಹೊಸದು ಗೊಡಾಕ್ಸ್ ವಿ1: ಗುಂಡು ತಲೆ, ಲಿಥಿಯಂ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಪೂರ್ತಿ ಬಲದ 480 ಮಿಂಚು, ಒಂದು ಮಿಂಚಿ ಇನ್ನೊಂದಕ್ಕೆ ಸಿದ್ಧವಾಗಲು ಒಂದೂವರೆ ಸೆಕೆಂಡು. ಹಳೆಯದು 1970ರ ದಶಕದ ವಿವಿಟಾರ್ 283: ನಾಲ್ಕು ಪೆನ್ ಸೆಲ್ ನುಂಗುತ್ತದೆ, ಒಮ್ಮೆ ಪೂರ್ತಿ ಮಿಂಚಿದರೆ ಸುಧಾರಿಸಿಕೊಳ್ಳಲು ಸುಮಾರು ಹತ್ತು ಸೆಕೆಂಡು ಬೇಡುತ್ತದೆ. ಬುದ್ಧಿ ನೆಟ್ಟಗಿದ್ದವರು ಮದುವೆಗೆ ಯಾವುದನ್ನು ಒಯ್ಯುತ್ತಾರೆಂದು ಕೇಳಬೇಕಿಲ್ಲ. ಕಾಗಿನೆಲೆಯ ಮದುವೆಗೆ ನಾನು ಒಯ್ದದ್ದು ಹಳೆಯದನ್ನು, ಜೊತೆಗೊಂದು ರೋಲಿನ ಕ್ಯಾಮೆರಾ. ದುಡ್ಡು ಕೊಟ್ಟು ಕರೆಸಿದ ಫೋಟೊಗ್ರಾಫರ್ ಬೇರೆ ಇದ್ದ. ಹಾಗಾಗಿ ನನ್ನ ಹುಚ್ಚಿನಿಂದ ಯಾರಿಗೂ ನಷ್ಟವಿರಲಿಲ್ಲ.

ಅಲ್ಲಿನ ಗುಡಿಯ ಆದಿಕೇಶವನಿಗೆ ಕೈಮುಗಿದದ್ದು, ಅಕ್ಷತೆ, ಊಟ ಎಲ್ಲ ಲಗೂನ ಮುಗಿದವು. ಉಳಿದದ್ದು ಗ್ರೂಪ್ ಫೋಟೊ.

ಮೊದಲ ಮಿಂಚಿಗೆ ಯಾರೋ ಕಣ್ಣು ಮುಚ್ಚಿದರು. "ಇನ್ನೊಂದ್ರೀ" ಎಂದೆ. ಫ್ಲ್ಯಾಶ್ ಸಣ್ಣಗೆ ಕುಂಯ್ ಎನ್ನತೊಡಗಿತು. ನಡುವೆ ನಿಂತಿದ್ದ ಬ್ಯಾಡಗಿ ಮಾವ ಆಗಲೇ ಹೊಟ್ಟೆ ಒಳಗೆಳೆದುಕೊಂಡುಬಿಟ್ಟಿದ್ದರು. ಆ ಹೊಟ್ಟೆ ಸುಮ್ಮಸುಮ್ಮನೆ ಒಳಗೆ ಹೋಗುವಂಥದ್ದಲ್ಲ. ಮೂರನೇ ಸೆಕೆಂಡಿಗೆ ಕೊರಳ ನರ ಉಬ್ಬಿತು. ಐದಕ್ಕೆ ಕಿವಿ ಕೆಂಪಾದವು. ಏಳಕ್ಕೆ ಮುಖವೆಲ್ಲ ಅವರೂರಿನ ಮೆಣಸಿನಕಾಯಿಯಂತೆ ರಂಗೇರಿತು. ಅದರಂತೆಯೇ ಅವರಿಗೂ ಬಣ್ಣ ಹೆಚ್ಚು, ಖಾರ ಕಡಿಮೆ. "ಅಳಿಯಾ, ಹೊಡಿತೀಯೋ ಇಲ್ಲೋ?" ಎಂದರು, ತುಟಿ ಅಲ್ಲಾಡಿಸದೆ. "ದೀಪ ಹತ್ಲಿ, ತಡೀರಿ ಮಾವಾ!" ಅತ್ತೆ ಸೆರಗು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. ಕೊನೆಗೆ ಫ್ಲ್ಯಾಶ್ ಸಿದ್ಧವೆನ್ನುವ ಕಿತ್ತಳೆ ದೀಪ ಹತ್ತಿತು. ಅದೇ ಗಳಿಗೆಗೆ ಮಾವನ ಉಸಿರೂ ಬಿಟ್ಟಿತು. ಫೋಟೊದಲ್ಲಿ ಹೊಟ್ಟೆ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಿಂತಿದೆ.

ಹೊಸ ಫ್ಲ್ಯಾಶ್ ಟಿಟಿಎಲ್‌ನಲ್ಲಿ ಮೊದಲೊಂದು ಸಣ್ಣ ಮಿಂಚು ಬಿಟ್ಟರೆ, ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಲೆನ್ಸಿನ ಮೂಲಕ ಅಳೆದುಕೊಳ್ಳುತ್ತದೆ. ಹಳೆಯದಕ್ಕೆ ಬಾಯಿಲೆಕ್ಕ: ಫ್ಲ್ಯಾಶಿನ ಬಲ ಹೇಳುವ ಗೈಡ್ ನಂಬರ್ 36, ದೂರ ನಾಲ್ಕೂವರೆ ಮೀಟರ್, ಭಾಗಿಸಿದರೆ ಲೆನ್ಸಿನ ಕಿಂಡಿ ಎಫ್ 8. ಅದರ ಮುಂಭಾಗದ ಸೆನ್ಸರಿಗೆ ವಹಿಸಿದರೆ ಅದೂ ಈ ಕೆಲಸ ಮಾಡುತ್ತದೆ. ಆದರೆ ಅಷ್ಟು ಜನರ ಮುಂದೆ ಬೆರಳು ಎಣಿಸಿ ಪಂಡಿತನಂತೆ ಕಾಣುವ ಸುಖವನ್ನು ಅದಕ್ಕೇಕೆ ಬಿಟ್ಟುಕೊಡಲಿ?

ದುಡ್ಡಿಗೆ ಬಂದ ಆ ಫೋಟೊಗ್ರಾಫರ್ ಪಟಪಟನೆ ಹೊಡೆಯುತ್ತಲೇ ಇದ್ದ. ಜನ ವೇದಿಕೆ ಹತ್ತಿದರು, ಕವರು ಕೊಟ್ಟರು, ಮಿಂಚಿಸಿಕೊಂಡು ಇಳಿದರು. ಪಕ್ಕದಲ್ಲಿ ಯಾರು ನಿಂತಿದ್ದರೆಂದು ನೋಡಲೂ ಯಾರಿಗೂ ಪುರುಸೊತ್ತಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ನನ್ನ ಹತ್ತು ಸೆಕೆಂಡಿನಲ್ಲಿ, ಹೊಲ ಪಾಲಾದ ಮೇಲೆ ಮಾತು ಬಿಟ್ಟಿದ್ದ ಅಪ್ಪ ಮತ್ತು ಕಾಕಾ ಅಕ್ಕಪಕ್ಕ ಸಿಕ್ಕಿಹಾಕಿಕೊಂಡಿದ್ದರು. "ಇನ್ನಾ ಹತ್ತಲಿಲ್ಲೇನು?" ಎಂದರು ಕಾಕಾ. "ಹಳೇದೈತಿ, ತಡಿ" ಎಂದರು ಅಪ್ಪ. ಆ ವರ್ಷ ಅವರಿಬ್ಬರ ನಡುವೆ ನಡೆದ ಮಾತು ಅಷ್ಟೇ.

ಆದ್ದರಿಂದ ಅಟ್ಟದ ಮೇಲೆ ಹಳೇ ಫ್ಲ್ಯಾಶ್ ಇದ್ದರೆ ಗುಜರಿಗೆ ಹಾಕಬೇಡಿ. ಆದರೆ ಡಿಜಿಟಲ್ ಕ್ಯಾಮೆರಾದ ನೆತ್ತಿಗೇರಿಸುವ ಮುನ್ನ ಮಲ್ಟಿಮೀಟರ್ ಹಿಡಿದು ನೋಡಿ: ಮೊದಮೊದಲ 283ಗಳ ಟ್ರಿಗರ್ ವೋಲ್ಟೇಜ್ 200 ವೋಲ್ಟ್ ದಾಟುವುದುಂಟು, ಅದನ್ನು ಎಲ್ಲ ಕ್ಯಾಮೆರಾಗಳೂ ತಾಳುವುದಿಲ್ಲ.