ತೊಗರಿ ಕರಪತ್ರ ಬರೆಯುವವರಿಗೊಂದು ಬಹಿರಂಗ ಪತ್ರ

ತೊಗರಿ ಹೂವಾಡುವ ಹೊತ್ತಿಗೆ ಹಂಚುವ ಕರಪತ್ರಗಳಲ್ಲಿ ಕಾಯಿಗೆ ತೂತು ಹಾಕುವ ಹುಳುಗಳನ್ನೆಲ್ಲ 'ಕಾಯಿಕೊರಕ' ಎಂದು ಒಟ್ಟಿಗೆ ಸೇರಿಸಿಬಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಆ ರಾಶಿಯಲ್ಲಿ ಮುಚ್ಚಿಹೋಗುವ ಒಂದು ಕೀಟ ಎಕ್ಸೆಲಾಸ್ಟಿಸ್ ಅಟೊಮೋಸಾ ಎಂಬ ಗರಿಪತಂಗ.

ಕೂತಾಗ ಅದು ಪತಂಗ ಅನ್ನಿಸುವುದೇ ಇಲ್ಲ. ಬೂದು ಬಣ್ಣದ ಕಿರಿದಾದ ರೆಕ್ಕೆಗಳನ್ನು ಮೈಗೆ ಅಡ್ಡಲಾಗಿ ಚಾಚಿ ಒಣಕಡ್ಡಿಯ ಹಾಗೆ ಅಲುಗದೆ ಇರುತ್ತದೆ. ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದರೆ ಮುಂದಿನ ರೆಕ್ಕೆ ಎರಡಾಗಿ, ಹಿಂದಿನದು ಮೂರಾಗಿ ಸೀಳಿದೆ; ಸೀಳುಗಳ ಅಂಚಿನುದ್ದಕ್ಕೂ ನವಿರಾದ ಕೂದಲು. ಟೆರೊಫೊರಿಡೆ ಕುಟುಂಬದ ಸಾಮಾನ್ಯ ಗುರುತು ಇದು. ಆದರೆ ರೆಕ್ಕೆಯೊಂದನ್ನೇ ನಂಬುವಂತಿಲ್ಲ. ಅಗ್ಡಿಸ್ಟಿಸ್ ಕುಲದವುಗಳ ರೆಕ್ಕೆ ಸೀಳಿಲ್ಲ, ಆದರೂ ಇದೇ ಕುಟುಂಬಕ್ಕೆ ಸೇರಿವೆ. ಒಂದೊಂದು ರೆಕ್ಕೆಯೂ ಆರು ಗರಿಗಳಾಗಿರುವ ಅಲುಸಿಟಾ ಕುಲ ಬೇರೆಯೇ ಕುಟುಂಬದ್ದು. ಹಾಗಾಗಿ ರೆಕ್ಕೆಯ ನರಗಳನ್ನೂ ಜನನಾಂಗದ ರಚನೆಯನ್ನೂ ನೋಡಿಯೇ ಕುಲ ನಿರ್ಧರಿಸುತ್ತಾರೆ. ಎಕ್ಸೆಲಾಸ್ಟಿಸ್ ಕುಲವನ್ನು 1908ರಲ್ಲಿ ಸ್ಥಾಪಿಸಿದವರು ಇಂಗ್ಲೆಂಡಿನ ಶಾಲಾ ಮೇಷ್ಟ್ರು ಎಡ್ವರ್ಡ್ ಮೆಯ್‌ರಿಕ್. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಬೈನ್‌ಬ್ರಿಗ್ ಫ್ಲೆಚರ್ ಭಾರತದ ಗರಿಪತಂಗಗಳ ಜೀವನಚರಿತ್ರೆಯನ್ನು ಕೂತು ದಾಖಲಿಸಿದರು. ಅಷ್ಟು ಶ್ರಮದಿಂದ ಬೇರ್ಪಡಿಸಿದ್ದನ್ನು ನಾವು ಒಂದು ಸಾಲಿನಲ್ಲಿ ಕಲಸಿಹಾಕುತ್ತಿದ್ದೇವೆ.

ರೈತರಿಗೆ ಇದರಿಂದೇನು ಎನ್ನಬೇಡಿ. ಹೆಲಿಕೋವರ್ಪಾ ಎಂಬ ಇನ್ನೊಂದು ಕಾಯಿಕೊರಕ ಹುಳುವಿಗೆ ಹೊಡೆಯುವ ಎನ್‌ಪಿವಿ ನಂಜಾಣು ಗರಿಪತಂಗದ ಮರಿಯನ್ನು ಮುಟ್ಟುವುದಿಲ್ಲ. ಹೆಲಿಕೋವರ್ಪಾಕ್ಕೆ ಕಟ್ಟಿದ ಮೋಹಕ ಬಲೆಗೂ ಇದು ಬೀಳುವುದಿಲ್ಲ. ಬಲೆ ಖಾಲಿ ಇದೆಯೆಂದು ನೆಮ್ಮದಿಯಾಗಿದ್ದರೆ ಕಾಯಿ ಹೋಗಿರುತ್ತದೆ. ಗುರುತು ಹಿಡಿಯುವುದು ಕಷ್ಟವೇನಲ್ಲ: ಮೈತುಂಬ ಗಿಡ್ಡ ಕೂದಲಿರುವ ಪುಟ್ಟ ಹಸಿರುಗಂದು ಹುಳು, ಮೊದಲು ಸಿಪ್ಪೆ ಕೆರೆಯುತ್ತದೆ, ಆಮೇಲೆ ತಲೆ ತೂರಿಸಿ ಕಾಳು ತಿನ್ನುತ್ತದೆ, ಮೈ ಹೊರಗೇ ಇರುತ್ತದೆ. ಕಾಯಿನೊಣದ ಮರಿಯಾದರೋ ಒಳಗೇ ಅಡಗಿರುತ್ತದೆ. ಗರಿಪತಂಗದ ಕೋಶವೂ ಕಾಯಿಯ ಮೇಲೇ ಅಂಟಿಕೊಂಡಿರುತ್ತದೆ, ಅದಕ್ಕೂ ಮುಳ್ಳುಕೂದಲು. ಅದನ್ನೇ ಹುಳು ಎಂದುಕೊಂಡು ಔಷಧಿ ಹೊಡೆದರೆ ದುಡ್ಡು ದಂಡ.

ಅವರೆಗೆ ಬೀಳುವ ಸ್ಫೆನಾರ್ಕಿಸ್ ಕೂಡ ಗರಿಪತಂಗವೇ, ಕುಲ ಮಾತ್ರ ಬೇರೆ. ಅದಕ್ಕೂ ಬೇರೆ ಸಾಲು ಕೊಡಿ.

ಕಲಬುರಗಿ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದನ್ನು ತಿನ್ನುವ ಹುಳುವಿಗೂ ಸರಿಯಾದ ಗುರುತು ಬೇಕು. ಮುಂದಿನ ಕರಪತ್ರದಲ್ಲಿ ಹುಳು, ಕೋಶ, ಪತಂಗ ಮೂರರ ಚಿತ್ರವನ್ನೂ ಹೆಸರಿನ ಜೊತೆ ಹಾಕಿಸಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಓದುಗ